ಪಂದ್ಯಕ್ಕೆ ಐವತ್ತು ಅಂಕ ಹೊಡೆದರೂ ಸಿಗದ ಪ್ರಶಸ್ತಿ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 1961-62ರ ಋತುವಿನಲ್ಲಿ ಫಿಲಡೆಲ್ಫಿಯಾ ವಾರಿಯರ್ಸ್ ತಂಡದ ವಿಲ್ಟ್ ಚೇಂಬರ್ಲಿನ್ ಪಂದ್ಯವೊಂದಕ್ಕೆ ಸರಾಸರಿ 50.4 ಅಂಕ ಗಳಿಸಿದರು. ರೀಬೌಂಡ್, ಅಂದರೆ ಬುಟ್ಟಿಗೆ ಬೀಳದೆ ಮರಳಿದ ಚೆಂಡನ್ನು ಹಿಡಿಯುವುದು, ಅದರ ಸರಾಸರಿ 25.7. ಆಟ ಇರುವುದೇ 48 ನಿಮಿಷ, ಅವರು ಅಂಗಳದಲ್ಲಿದ್ದದ್ದು ಸರಾಸರಿ 48.5 ನಿಮಿಷ. ಪಂದ್ಯ ಸಮವಾಗಿ ಹೆಚ್ಚುವರಿ ಅವಧಿಗೆ ಹೋದಾಗಲೂ ಅವರು ಬೆಂಚಿಗೆ ಮರಳುತ್ತಿರಲಿಲ್ಲ. 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷಿ ಎಂಬ ಪಟ್ಟಣದಲ್ಲಿ ನ್ಯೂಯಾರ್ಕ್ ನಿಕ್ಸ್ ವಿರುದ್ಧ ಒಬ್ಬರೇ 100 ಅಂಕ ಹೊಡೆದರು. ಅರವತ್ತು ವರ್ಷ ದಾಟಿದರೂ ಆ ನೂರನ್ನು ಯಾರೂ ಮುಟ್ಟಿಲ್ಲ.

ಅದೇ ಋತುವಿನಲ್ಲಿ ಸಿನ್ಸಿನಾಟಿ ರಾಯಲ್ಸ್‌ನ ಆಸ್ಕರ್ ರಾಬರ್ಟ್ಸನ್ ಅಂಕ, ರೀಬೌಂಡ್, ಜತೆಗಾರ ಅಂಕ ಗಳಿಸುವಂತೆ ಚೆಂಡು ಕೊಡುವ ಅಸಿಸ್ಟ್, ಈ ಮೂರರಲ್ಲೂ ಹತ್ತಕ್ಕಿಂತ ಹೆಚ್ಚಿನ ಸರಾಸರಿ ಕಾಯ್ದುಕೊಂಡರು. ಇದನ್ನೇ ಈಗ ಟ್ರಿಪಲ್ ಡಬಲ್ ಸರಾಸರಿ ಅನ್ನುತ್ತೇವೆ. ಅದಕ್ಕೂ ಮೊದಲು ಯಾರಿಗೂ ಅದು ಸಾಧ್ಯವಾಗಿರಲಿಲ್ಲ.

ಆ ವರ್ಷದ ಎಂವಿಪಿ, ಅಂದರೆ ಲೀಗ್‌ನ ಅತ್ಯಂತ ಮೌಲಿಕ ಆಟಗಾರನ ಪ್ರಶಸ್ತಿ, ಇವರಿಬ್ಬರಿಗೂ ಬರಲಿಲ್ಲ. ಬಾಸ್ಟನ್ ಸೆಲ್ಟಿಕ್ಸ್‌ನ ಬಿಲ್ ರಸೆಲ್‌ಗೆ ಬಂತು. ಅವರ ಅಂಕದ ಸರಾಸರಿ 18.9. ಚೇಂಬರ್ಲಿನ್ ಎರಡನೆಯವರಾದರು, ರಾಬರ್ಟ್ಸನ್ ಮೂರನೆಯವರು.

ಈಗ ಇದನ್ನು ಓದಿದವರಿಗೆ ಭಾರೀ ಅನ್ಯಾಯ ನಡೆದಂತೆ ಕಾಣಬಹುದು. ಆದರೆ ಮತ ಹಾಕಿದವರು ಯಾರೆಂದು ನೋಡಿ. 1955-56ರಲ್ಲಿ ಈ ಪ್ರಶಸ್ತಿ ಶುರುವಾಗಿ ಮೊದಲ ಬಾರಿ ಬಾಬ್ ಪೆಟಿಟ್ ಅವರಿಗೆ ಸಂದಾಗಿನಿಂದ 1979-80ರವರೆಗೆ ಮತ ಹಾಕುತ್ತಿದ್ದವರು ಆಟಗಾರರೇ. ಋತುವಿನ ಅತ್ಯುತ್ತಮ ಐವರ ತಂಡವನ್ನು ಆರಿಸುತ್ತಿದ್ದವರು ಮಾತ್ರ ಪತ್ರಕರ್ತರು. 1962ರಲ್ಲಿ ಪತ್ರಕರ್ತರು ಮೊದಲ ತಂಡದ ಸೆಂಟರ್ ಸ್ಥಾನಕ್ಕೆ ಚೇಂಬರ್ಲಿನ್ ಹೆಸರು ಬರೆದರು, ರಸೆಲ್ ಅವರನ್ನು ಎರಡನೇ ತಂಡಕ್ಕೆ ಇಳಿಸಿದರು. ಬೆವರು ಸುರಿಸಿ ಎದುರು ನಿಂತವರು ಇಡೀ ಲೀಗ್‌ಗೇ ರಸೆಲ್ ಹೆಚ್ಚು ಅಂದರು. ಒಂದೇ ಋತು, ಅವೇ ಪಂದ್ಯಗಳು. ತೀರ್ಪು ಮಾತ್ರ ಎರಡು ಬಗೆ.

ಆಟಗಾರರಿಗೆ ಕಂಡದ್ದು ಪತ್ರಕರ್ತರಿಗೆ ಯಾಕೆ ಕಾಣಲಿಲ್ಲ? ಅಂಕಪಟ್ಟಿಯಲ್ಲಿ ಅದು ಇರಲೇ ಇಲ್ಲ. ಎದುರಾಳಿಯ ಎಸೆತವನ್ನು ಗಾಳಿಯಲ್ಲೇ ತಡೆಯುವ ಬ್ಲಾಕ್, ಕೈಯಿಂದ ಚೆಂಡು ಕಸಿಯುವ ಸ್ಟೀಲ್, ಇವೆರಡನ್ನೂ ಎನ್‌ಬಿಎ ಎಣಿಸಲು ಶುರುಮಾಡಿದ್ದು 1973-74ರಲ್ಲಿ. ಅಷ್ಟೊತ್ತಿಗೆ ರಸೆಲ್ ನಿವೃತ್ತರಾಗಿ ವರ್ಷಗಳೇ ಕಳೆದಿದ್ದವು. ಬ್ಲಾಕ್ ಮಾಡುವಾಗ ಚೆಂಡನ್ನು ಪ್ರೇಕ್ಷಕರತ್ತ ಬಡಿದು ಚಪ್ಪಾಳೆ ಗಿಟ್ಟಿಸುವುದು ಅವರ ರೀತಿಯಾಗಿರಲಿಲ್ಲ. ಬೆರಳ ತುದಿಯಿಂದ ತಟ್ಟಿ, ಚೆಂಡು ಅಂಗಳದೊಳಗೇ ತನ್ನ ತಂಡದವರ ಕೈಗೆ ಬೀಳುವಂತೆ ಮಾಡುತ್ತಿದ್ದರು. ಮರುಕ್ಷಣವೇ ಬಾಬ್ ಕೂಸಿ ಅಂಥವರು ಚೆಂಡು ಹಿಡಿದು ಆ ಕಡೆಗೆ ಓಡುತ್ತಿದ್ದರು. ಆ ಎರಡು ಅಂಕ ಬೇರೆ ಯಾರದೋ ಹೆಸರಿಗೆ ಸೇರುತ್ತಿತ್ತು. ರಸೆಲ್ ಹೆಸರಿನ ಮುಂದೆ ಏನೂ ಇಲ್ಲ. ಬುಟ್ಟಿಯ ಹತ್ತಿರ ಹೋದರೆ ಆ ಉದ್ದನೆಯ ಕೈ ಎಲ್ಲಿಂದ ಬರುತ್ತದೋ ಎಂದು ಹೆದರಿ ಎದುರಾಳಿಗಳು ದೂರದಿಂದಲೇ ಎಸೆದು ಗುರಿ ತಪ್ಪಿದ ಎಸೆತಗಳ ಲೆಕ್ಕವನ್ನಂತೂ ಇಂದಿಗೂ ಯಾರೂ ಇಡಲಾರರು. ಆ ಋತುವಿನ 80 ಪಂದ್ಯಗಳಲ್ಲಿ ಸೆಲ್ಟಿಕ್ಸ್ 60 ಗೆದ್ದಿತು, ಚೇಂಬರ್ಲಿನ್ ಅವರ ವಾರಿಯರ್ಸ್ 49.

ಎಂವಿಪಿಯ ಬಗ್ಗೆ ಪ್ರತಿ ವರ್ಷ ಏಳುವ ಜಗಳದ ಬೇರು ಇಲ್ಲಿದೆ. ಯಾರಿಗೆ ಕೊಡಬೇಕು ಎಂಬುದಕ್ಕೆ ಲೀಗ್ ಯಾವ ಲಿಖಿತ ಮಾನದಂಡವನ್ನೂ ಕೊಟ್ಟಿಲ್ಲ. ನಮ್ಮ ಐಪಿಎಲ್‌ನಲ್ಲೂ ಈ ಹೆಸರಿನ ಪ್ರಶಸ್ತಿ ಇದೆ, ಆದರೆ ಅಲ್ಲಿ ಬೌಂಡರಿಗೆ ಇಷ್ಟು, ವಿಕೆಟ್‌ಗೆ ಇಷ್ಟು, ಕ್ಯಾಚ್‌ಗೆ ಇಷ್ಟು ಎಂದು ಪಾಯಿಂಟ್ ಕೂಡಿಸಿ ತೀರ್ಮಾನಿಸುತ್ತಾರೆ. 2016ರಲ್ಲಿ 973 ರನ್ ಹೊಡೆದ ವಿರಾಟ್ ಕೊಹ್ಲಿಗೆ ಅದು ಸಿಕ್ಕಾಗ ಬೆಂಗಳೂರಿನಲ್ಲಿ ಯಾರೂ ವಾದ ಮಾಡಲಿಲ್ಲ. ಮಾಡಲು ಅಲ್ಲಿ ಜಾಗವೂ ಇರಲಿಲ್ಲ. ಎನ್‌ಬಿಎಯಲ್ಲಿ ಮನುಷ್ಯರು ಮತ ಹಾಕುತ್ತಾರೆ. ಹಾಗಾಗಿ ವಾದಕ್ಕೆ ಜಾಗ ಇದೆ, ಇರಲೂಬೇಕು. ರಸೆಲ್ ಅಂಥವರನ್ನು ಗುರುತಿಸಬಲ್ಲದ್ದು ಮತವೇ ಹೊರತು ಕೂಡಿಸುವ ಯಂತ್ರ ಅಲ್ಲ. ನನ್ನ ತಕರಾರು ಇರುವುದು ಮತದಾರರು ಪ್ರತಿ ವರ್ಷ ಅಳತೆಗೋಲು ಬದಲಿಸುವುದರ ಬಗ್ಗೆ.

1980-81ರಿಂದ ಮತದ ಹಕ್ಕು ಪತ್ರಕರ್ತರು ಮತ್ತು ಪ್ರಸಾರಕರ ಕೈಗೆ ಬಂದಿದೆ. ಈಗ ಸುಮಾರು ನೂರು ಮಂದಿ ಮತ ಹಾಕುತ್ತಾರೆ. ಒಬ್ಬೊಬ್ಬರೂ ಐದು ಹೆಸರುಗಳನ್ನು ಕ್ರಮವಾಗಿ ಬರೆಯಬೇಕು. ಮೊದಲ ಹೆಸರಿಗೆ 10 ಅಂಕ, ಮುಂದಿನವಕ್ಕೆ 7, 5, 3, 1. ಲೀಗ್ ಹಂತ ಮುಗಿದ ಕೂಡಲೇ, ಪ್ಲೇಆಫ್ ಶುರುವಾಗುವ ಮೊದಲು ಮತಪತ್ರ ಸಲ್ಲಿಸಬೇಕು. ಈ ಕೊನೆಯ ನಿಯಮವನ್ನು ಮರೆತು ಜನ ಜೂನ್ ತಿಂಗಳಲ್ಲಿ ಬೈಯುವುದುಂಟು. 1997ರಲ್ಲಿ ಕಾರ್ಲ್ ಮಲೋನ್‌ಗೆ ಪ್ರಶಸ್ತಿ ಬಂತು, ಆಮೇಲೆ ಫೈನಲ್‌ನಲ್ಲಿ ಮೈಕೆಲ್ ಜೋರ್ಡಾನ್ ಅವರ ಬುಲ್ಸ್ ಮಲೋನ್ ಅವರ ಜಾಝ್ ತಂಡವನ್ನು ಸೋಲಿಸಿತು. ಮತ ಹಾಕಿದವರಿಗೆ ಅದು ಮೊದಲೇ ಗೊತ್ತಿರಲು ಸಾಧ್ಯವಿಲ್ಲ. ಅದಕ್ಕೆ ಅವರನ್ನು ದೂರುವುದು ಸರಿಯಲ್ಲ.

ಹಾಗಾದರೆ ನನ್ನ ಅಳತೆ ಯಾವುದು? ಆತ ಅಂಗಳದಲ್ಲಿದ್ದಾಗ ಉಳಿದ ನಾಲ್ವರ ಆಟ ಏನಾಯಿತು, ಅದರಿಂದ ತಂಡ ಎಷ್ಟು ಗೆದ್ದಿತು. ಇದೊಂದೇ.

ಈ ಅಳತೆಗೆ ಸ್ಟೀವ್ ನ್ಯಾಶ್ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗದು. 2003-04ರಲ್ಲಿ ಫೀನಿಕ್ಸ್ ಸನ್ಸ್ ಗೆದ್ದದ್ದು 29 ಪಂದ್ಯ. ಮರುವರ್ಷ ನ್ಯಾಶ್ ಬಂದರು, ತಂಡ 62 ಗೆದ್ದಿತು. ನ್ಯಾಶ್ ಸರಾಸರಿ 15.5 ಅಂಕ, 11.5 ಅಸಿಸ್ಟ್. ಲೇಕರ್ಸ್ ಬಿಟ್ಟು ಮಯಾಮಿಗೆ ಹೋಗಿ ಆ ತಂಡವನ್ನು ಮೇಲೆತ್ತಿದ ಶಕೀಲ್ ಓನೀಲ್ ಜತೆ ಪೈಪೋಟಿ. ಮತ ಎಣಿಸಿದಾಗ ನ್ಯಾಶ್ 1066, ಶಕೀಲ್ 1032. ಮುಂದಿನ ವರ್ಷ ಇನ್ನೂ ದೊಡ್ಡ ಗಲಾಟೆ. ಕೋಬಿ ಬ್ರಯಂಟ್ ಸರಾಸರಿ 35.4 ಅಂಕ ಗಳಿಸಿದ, 2006ರ ಜನವರಿ 22ರಂದು ಒಂದೇ ಪಂದ್ಯದಲ್ಲಿ 81 ಹೊಡೆದ ವರ್ಷ ಅದು. ಆದರೂ ಪ್ರಶಸ್ತಿ ಮತ್ತೆ ನ್ಯಾಶ್‌ಗೆ, ಕೋಬಿ ನಾಲ್ಕನೆಯವರು. ಕೋಬಿ ಅಭಿಮಾನಿಗಳಿಗೆ ಈ ಗಾಯ ಇನ್ನೂ ಆರಿಲ್ಲ. ಆದರೆ ಆ ಋತುವಿನಲ್ಲಿ ಸನ್ಸ್‌ನ ಮುಖ್ಯ ಸೆಂಟರ್ ಅಮಾರೆ ಸ್ಟೌಡಮೈರ್ ಮೊಣಕಾಲಿನ ಪೆಟ್ಟಿನಿಂದ ಆಡಿದ್ದು ಬರೀ ಮೂರು ಪಂದ್ಯ. ಅಂಥ ಆಟಗಾರನಿಲ್ಲದೆ ನ್ಯಾಶ್ ತಂಡಕ್ಕೆ 54 ಗೆಲುವು ತಂದುಕೊಟ್ಟರು, ಕೋಬಿಯ ಲೇಕರ್ಸ್ ಗೆದ್ದದ್ದು 45. ಎರಡೂ ವರ್ಷ ಮತದಾರರು ಸರಿಯಾಗಿಯೇ ನಡೆದುಕೊಂಡರು ಅನ್ನುತ್ತೇನೆ.

ಅದೇ ಮತದಾರರು 2017ರಲ್ಲಿ ಅಂಕಿಗಳಿಗೆ ಮರುಳಾದರು. ಕೆವಿನ್ ಡ್ಯುರಾಂಟ್ ಗೋಲ್ಡನ್ ಸ್ಟೇಟ್‌ಗೆ ಹೊರಟುಹೋದ ಮೇಲೆ ಒಕ್ಲಹೋಮ ಸಿಟಿ ಥಂಡರ್ ತಂಡದಲ್ಲಿ ಒಬ್ಬಂಟಿಯಾಗಿ ಉಳಿದ ರಸೆಲ್ ವೆಸ್ಟ್‌ಬ್ರುಕ್ ಅಬ್ಬರಿಸಿ ಆಡಿದರು. ಸರಾಸರಿ 31.6 ಅಂಕ, 10.7 ರೀಬೌಂಡ್, 10.4 ಅಸಿಸ್ಟ್. ಏಪ್ರಿಲ್ 9ರಂದು ಡೆನ್ವರ್‌ನಲ್ಲಿ ಋತುವಿನ 42ನೇ ಟ್ರಿಪಲ್ ಡಬಲ್ ಪೂರೈಸಿ ರಾಬರ್ಟ್ಸನ್ ಅವರ ಹಳೇ ದಾಖಲೆ ಮುರಿದರು. ಅದೇ ಪಂದ್ಯದಲ್ಲಿ 50 ಅಂಕ, ಕೊನೆಯ ಗಂಟೆ ಬಾರಿಸುವಾಗ ದೂರದಿಂದ ಎಸೆದ ಮೂರು ಅಂಕದ ಎಸೆತಕ್ಕೆ ಗೆಲುವು. ಆ ಎಸೆತ ನೋಡಿದವರ ಮೈ ಜುಮ್ಮೆಂದಿರಬೇಕು. ಪ್ರಶಸ್ತಿಯ ಪೈಪೋಟಿಯಲ್ಲಿ ಎದುರಿಗಿದ್ದವರು ಹ್ಯೂಸ್ಟನ್ ರಾಕೆಟ್ಸ್‌ನ ಜೇಮ್ಸ್ ಹಾರ್ಡನ್. ಹಿಂದಿನ ವರ್ಷ 41 ಗೆದ್ದಿದ್ದ ತಂಡ ಅವರ ಕೈಗೆ ಚೆಂಡು ಕೊಟ್ಟು ಇಡೀ ಆಟ ನಡೆಸಲು ಬಿಟ್ಟಾಗ 55 ಗೆದ್ದಿತು. ಪಂದ್ಯಕ್ಕೆ 29.1 ಅಂಕ ಹೊಡೆದು, 11.2 ಅಸಿಸ್ಟ್‌ನೊಂದಿಗೆ ಲೀಗ್‌ಗೇ ಮೊದಲಿಗರಾದರು. ಥಂಡರ್ ಗೆದ್ದದ್ದು 47. ಮೊದಲ ಸ್ಥಾನದ ಮತ ವೆಸ್ಟ್‌ಬ್ರುಕ್‌ಗೆ 69, ಹಾರ್ಡನ್‌ಗೆ 22.

ನನ್ನ ಅಳತೆಯಲ್ಲಿ ಅದು ಹಾರ್ಡನ್ ಅವರದು. ಟ್ರಿಪಲ್ ಡಬಲ್ ಸರಾಸರಿಯೇ ಅಷ್ಟು ದೊಡ್ಡದಾಗಿದ್ದರೆ ವೆಸ್ಟ್‌ಬ್ರುಕ್ ಅದನ್ನು ಆಮೇಲೆ ಇನ್ನೂ ಮೂರು ಋತುಗಳಲ್ಲಿ ಸಾಧಿಸಿದಾಗಲೂ ಪ್ರಶಸ್ತಿ ಬರಬೇಕಿತ್ತು, ಬರಲಿಲ್ಲ. ಮೊದಲ ಸಲದ ಬೆರಗಿಗೆ ಮತ ಬಿತ್ತು, ಬೆರಗು ಇಳಿದ ಮೇಲೆ ಮತವೂ ಇಳಿಯಿತು.

ಬೆರಗು ಇಳಿಯುವ ಈ ರೋಗ ಅತಿ ಕೆಟ್ಟದಾಗಿ ಕಾಣಿಸಿಕೊಂಡದ್ದು 2023ರಲ್ಲಿ. ಡೆನ್ವರ್ ನಗೆಟ್ಸ್‌ನ ನಿಕೋಲಾ ಯೋಕಿಚ್ 2021, 2022ರಲ್ಲಿ ಸತತವಾಗಿ ಎಂವಿಪಿ ಆಗಿದ್ದರು. ಸರ್ಬಿಯಾದ ಸೊಂಬೋರ್ ಎಂಬ ಊರಿನವರು, ತಂಡಗಳು ಹೊಸಬರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನಲ್ಲಿ 2014ರಲ್ಲಿ 41ನೆಯವರಾಗಿ ಆಯ್ಕೆಯಾದವರು. ಅವರ ಆಟವನ್ನು ಒಮ್ಮೆ ಗಮನವಿಟ್ಟು ನೋಡಿ. ಜಿಗಿತವಿಲ್ಲ, ವೇಗವಿಲ್ಲ. ಫ್ರೀ ಥ್ರೋ ಗೆರೆಯ ಹತ್ತಿರ ಬುಟ್ಟಿಗೆ ಅರ್ಧ ಬೆನ್ನು ಮಾಡಿ ನಿಂತು ಚೆಂಡನ್ನು ತಲೆಯ ಮೇಲೆ ಹಿಡಿಯುತ್ತಾರೆ. ಜತೆಗಾರ ಜಮಾಲ್ ಮರೆ ಒಂದು ಬದಿಯಿಂದ ಅವರನ್ನು ಸುತ್ತಿ ಓಡುತ್ತಾರೆ, ಎದುರಾಳಿಗಳ ಕಣ್ಣು ಅತ್ತ ಹೊರಳುತ್ತದೆ. ಅಷ್ಟರಲ್ಲಿ ಇನ್ನೊಂದು ಮೂಲೆಯಿಂದ ಆರನ್ ಗಾರ್ಡನ್ ಬುಟ್ಟಿಯತ್ತ ನುಗ್ಗಿರುತ್ತಾರೆ. ಯೋಕಿಚ್ ಅತ್ತ ನೋಡುವುದೂ ಇಲ್ಲ, ಚೆಂಡು ಮಾತ್ರ ಹೋಗಿ ಗಾರ್ಡನ್ ಕೈ ಸೇರಿರುತ್ತದೆ. ಬೇರೆ ತಂಡದಲ್ಲಿ ಸಾಧಾರಣ ಅನ್ನಿಸಿದವರು ಇವರ ಪಕ್ಕದಲ್ಲಿ ಸುಲಭವಾಗಿ ಅಂಕ ಗಳಿಸುತ್ತಾರೆ. 2022-23ರಲ್ಲಿ ಅವರ ಸರಾಸರಿ 24.5 ಅಂಕ, 11.8 ರೀಬೌಂಡ್, 9.8 ಅಸಿಸ್ಟ್, ಎಸೆದ ನೂರರಲ್ಲಿ 63 ಬುಟ್ಟಿಗೆ. ನಗೆಟ್ಸ್ ಪಶ್ಚಿಮ ವಿಭಾಗದಲ್ಲಿ ಮೊದಲ ಸ್ಥಾನ.

ಎದುರಾಳಿ ಸಾಮಾನ್ಯರಲ್ಲ. ಕ್ಯಾಮರೂನ್‌ನ ಯಾವುಂಡೆಯಿಂದ ಬಂದ ಜೋಯೆಲ್ ಎಂಬೀಡ್ ಫಿಲಡೆಲ್ಫಿಯಾಗೆ ಪಂದ್ಯಕ್ಕೆ 33.1 ಅಂಕ ಗಳಿಸಿ ಸತತ ಎರಡನೇ ವರ್ಷ ಅಂಕಗಳಿಕೆಯಲ್ಲಿ ಮೊದಲಿಗರಾದರು. ಬುಟ್ಟಿ ಕಾಯುವುದರಲ್ಲಿ ಯೋಕಿಚ್‌ಗಿಂತ ಅವರೇ ಮೇಲು, ಇದರಲ್ಲಿ ಎರಡು ಮಾತಿಲ್ಲ. ಜನವರಿ 28ರಂದು ಫಿಲಡೆಲ್ಫಿಯಾದಲ್ಲಿ ಇಬ್ಬರೂ ಎದುರಾದಾಗ ಎಂಬೀಡ್ 47 ಅಂಕ, 18 ರೀಬೌಂಡ್ ಕಲೆಹಾಕಿ 126-119ರಿಂದ ಗೆಲ್ಲಿಸಿದರು. ಮಾರ್ಚ್ 27ರಂದು ಡೆನ್ವರ್‌ನಲ್ಲಿ ಮತ್ತೆ ಎದುರಾಗಬೇಕಿತ್ತು. ಮೀನಖಂಡದ ನೋವಿನಿಂದ ಎಂಬೀಡ್ ಆಡಲಿಲ್ಲ. ಏಪ್ರಿಲ್ 4ರಂದು ಬಾಸ್ಟನ್ ವಿರುದ್ಧ 25 ಎಸೆತಗಳಲ್ಲಿ 20 ಬುಟ್ಟಿಗೆ ಹಾಕಿ 52 ಅಂಕ ಹೊಡೆದರು. ಮತಪತ್ರ ಬರೆಯಲು ಕೂತವರ ಮನಸ್ಸಿನಲ್ಲಿ ಆ ರಾತ್ರಿಯ ಆಟ ಹಸಿಯಾಗಿತ್ತು.

ಬರೀ ಆಟದ ಮೇಲೆ ಎಂಬೀಡ್‌ಗೆ ಮತ ಹಾಕಿದವರ ಬಗ್ಗೆ ನನಗೆ ಗೌರವವಿದೆ. ನನಗೆ ಬೇಸರವಾದದ್ದು ಆ ಚಳಿಗಾಲದಲ್ಲಿ ಅಮೆರಿಕದ ಟಿವಿ ಚರ್ಚೆಗಳಲ್ಲಿ ಕೇಳಿಬಂದ ವಾದಗಳಿಂದ. ಸತತ ಮೂರು ಬಾರಿ ಎಂವಿಪಿ ಆದವರು ಬಿಲ್ ರಸೆಲ್, ಚೇಂಬರ್ಲಿನ್, ಲ್ಯಾರಿ ಬರ್ಡ್ ಮೂವರೇ. ಒಂದೂ ಚಾಂಪಿಯನ್‌ಷಿಪ್ ಗೆಲ್ಲದ ಯೋಕಿಚ್‌ಗೆ ಆ ಪಂಕ್ತಿಯಲ್ಲಿ ಜಾಗ ಕೊಡುವುದು ಹೇಗೆ, ಎಂಬುದು ಒಂದು ವಾದ. ಇಂಥದೊಂದು ಕಾರ್ಯಕ್ರಮದಲ್ಲಿ ಮಾಜಿ ಆಟಗಾರ ಕೆಂಡ್ರಿಕ್ ಪರ್ಕಿನ್ಸ್ ಮತದಾರರ ಬಣ್ಣದ ಪಕ್ಷಪಾತದ ಮಾತೆತ್ತಿದರು. ಇನ್ನೊಬ್ಬ ಮಾಜಿ ಆಟಗಾರ ಜೆಜೆ ರೆಡಿಕ್ ಅದೇ ಕಾರ್ಯಕ್ರಮದಲ್ಲಿ ಅದನ್ನು ನೇರವಾಗಿ ಖಂಡಿಸಿದರು. ಈ ಗದ್ದಲದಲ್ಲಿ ಆ ಋತುವಿನ ಪಂದ್ಯಗಳ ಮಾತೇ ಹಿಂದೆ ಸರಿಯಿತು. ಮೂರನೇ ಪ್ರಶಸ್ತಿಗೆ ಬೇಕಾದ ಅರ್ಹತೆ ಮೊದಲನೆಯದಕ್ಕಿಂತ ಹೆಚ್ಚಿರಬೇಕು ಎಂದು ಎಲ್ಲೂ ಬರೆದಿಲ್ಲ. ಹಾಗೆ ಕೇಳುವುದು ಆಟಗಾರನ ನಿರಂತರತೆಗೆ ಹಾಕುವ ದಂಡ. ಕೊನೆಗೆ ಮೊದಲ ಸ್ಥಾನದ ಮತ ಎಂಬೀಡ್‌ಗೆ 73, ಯೋಕಿಚ್‌ಗೆ 15, ಯಾನಿಸ್ ಆಂಟೆಟೊಕುಂಪೊಗೆ 12. ಅಂತರ ಇಷ್ಟೊಂದು ಇರುವಷ್ಟು ಆಟದಲ್ಲಿ ವ್ಯತ್ಯಾಸವಿರಲಿಲ್ಲ. ಆ ಜೂನ್‌ನಲ್ಲಿ ನಗೆಟ್ಸ್ ತನ್ನ ಮೊದಲ ಚಾಂಪಿಯನ್‌ಷಿಪ್ ಗೆದ್ದಿತು ಎಂಬುದನ್ನು ನಾನು ಸಾಕ್ಷಿಯಾಗಿ ತರುವುದಿಲ್ಲ, ಮತದಾರರಿಗೆ ಅದು ಗೊತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಗೊತ್ತಿದ್ದಷ್ಟರಿಂದಲೇ ಅದು ಯೋಕಿಚ್‌ಗೆ ಸಲ್ಲಬೇಕಿತ್ತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಆಟಗಾರ ಅಂಗಳದಲ್ಲಿದ್ದಾಗ ಮತ್ತು ಬೆಂಚಿನಲ್ಲಿದ್ದಾಗ ತಂಡದ ಅಂಕಗಳ ವ್ಯತ್ಯಾಸ ಲೆಕ್ಕ ಹಾಕಿ, ಇದೇ ಆತನ ಬೆಲೆ ಎಂದು ತೋರಿಸುವ ಅಭ್ಯಾಸ ಈಗ ಬಲವಾಗಿದೆ. ಯೋಕಿಚ್ ಅಭಿಮಾನಿಗಳಿಗೆ ಇದು ಅಚ್ಚುಮೆಚ್ಚು. ಆದರೆ ಬದಲಿಗೆ ಬರುವವನು ಕಳಪೆಯಾಗಿದ್ದರೆ ಈ ವ್ಯತ್ಯಾಸ ತಾನಾಗಿಯೇ ಉಬ್ಬುತ್ತದೆ. ತಂಡದ ಆಡಳಿತ ಒಳ್ಳೆಯ ಬದಲಿ ಆಟಗಾರನನ್ನು ತಂದರೆ ತಾರೆಯ ಬೆಲೆ ಕುಸಿದಂತೆ ಕಾಣುತ್ತದೆ. ಬೆಂಚಿನ ದೌರ್ಬಲ್ಯಕ್ಕೆ ಪ್ರಶಸ್ತಿ ಕೊಡಲಾಗದು.

2025ರ ಚರ್ಚೆಯಲ್ಲಿ ಆದದ್ದೂ ಅದೇ. ಯೋಕಿಚ್ 29.6 ಅಂಕ, 12.7 ರೀಬೌಂಡ್, 10.2 ಅಸಿಸ್ಟ್ ಸರಾಸರಿಯೊಂದಿಗೆ ತಮ್ಮ ಅತ್ಯುತ್ತಮ ಋತು ಆಡಿದರು. 2017ರಲ್ಲಿ ವೆಸ್ಟ್‌ಬ್ರುಕ್‌ಗೆ ಗೆಲುವು ತಂದ ಟ್ರಿಪಲ್ ಡಬಲ್ ಸರಾಸರಿ ಇವರಿಗೆ ತರಲಿಲ್ಲ. ಥಂಡರ್‌ನ ಶೇ ಗಿಲ್ಜಸ್-ಅಲೆಕ್ಸಾಂಡರ್ 71 ಮೊದಲ ಮತ ಪಡೆದರು, ಯೋಕಿಚ್ 29. ನಾನಿದ್ದರೂ ಶೇ ಅವರಿಗೇ ಹಾಕುತ್ತಿದ್ದೆ. ಪಂದ್ಯಕ್ಕೆ 32.7 ಅಂಕ ಗಳಿಸುತ್ತಲೇ ರಕ್ಷಣೆಯಲ್ಲಿ ಮೈಗಳ್ಳತನ ಮಾಡದ ಆಟಗಾರ. 82ರಲ್ಲಿ 68 ಗೆದ್ದ ತಂಡ, ನಗೆಟ್ಸ್‌ಗಿಂತ 18 ಗೆಲುವು ಹೆಚ್ಚು. ಜತೆಗಾರರು ಒಳ್ಳೆಯವರಿದ್ದರು ಎಂಬ ಕಾರಣಕ್ಕೆ ಅವರ ಲೆಕ್ಕದಿಂದ ಕಳೆಯಬೇಕಾಗಿಲ್ಲ. ಬಿಲ್ ರಸೆಲ್ ಜತೆಗಾರರೂ ಒಳ್ಳೆಯವರೇ.

ಇದೆಲ್ಲ ಬರೀ ಹೆಮ್ಮೆಯ ಪ್ರಶ್ನೆಯಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಈಗ ಇದರ ಹಿಂದೆ ದುಡ್ಡಿದೆ. ಲೀಗ್ ಮತ್ತು ಆಟಗಾರರ ಸಂಘದ ಒಪ್ಪಂದದಂತೆ, ಎಂವಿಪಿ ಆದ ಅಥವಾ ಋತುವಿನ ಅತ್ಯುತ್ತಮ ತಂಡಗಳಲ್ಲಿ ಹೆಸರು ಬಂದ ಆಟಗಾರ ನಿಗದಿತ ವರ್ಷಗಳ ಸೇವೆ ಮುಗಿಸಿದ್ದರೆ, ತಂಡದ ಸಂಬಳ ಮಿತಿಯ ಶೇ 30ರ ಬದಲು ಶೇ 35ರಷ್ಟು ಕೇಳಬಹುದು. ಸೂಪರ್‌ಮ್ಯಾಕ್ಸ್ ಎಂದು ಕರೆಯುವುದು ಇದನ್ನೇ. 2025ರ ಜುಲೈನಲ್ಲಿ ಗಿಲ್ಜಸ್-ಅಲೆಕ್ಸಾಂಡರ್ ನಾಲ್ಕು ವರ್ಷಕ್ಕೆ ಸಹಿ ಹಾಕಿದ ಒಪ್ಪಂದ 28.5 ಕೋಟಿ ಡಾಲರ್‌ನದು. ಅಂದರೆ ಯಾವ ಆಟಗಾರನ ಬಗ್ಗೆ ನಿತ್ಯ ವರದಿ ಬರೆಯುತ್ತಾರೋ ಅವನ ಕೋಟಿಗಟ್ಟಲೆ ಡಾಲರ್ ಸಂಬಳ ಪತ್ರಕರ್ತರ ಕೈಬರಹದ ಮೇಲೆ ನಿಂತಿದೆ. ಯಾವ ಪತ್ರಕರ್ತನೂ ಹೊರಬಾರದ ಹೊಣೆ ಇದು. ಅಮೆರಿಕದ ಕೆಲವು ದೊಡ್ಡ ಪತ್ರಿಕೆಗಳು ತಮ್ಮ ಸಿಬ್ಬಂದಿಗೆ ಮತ ಹಾಕಲು ಬಿಡದಿರುವುದು ಸುಮ್ಮನೆ ಅಲ್ಲ.

2023-24ರಿಂದ ಬಂದ ಇನ್ನೊಂದು ನಿಯಮ ಈ ಒತ್ತಡಕ್ಕೆ ಕಾಲಿನ ನೋವನ್ನೂ ಸೇರಿಸಿದೆ. ಎಂವಿಪಿ ಆಗಲು ಕನಿಷ್ಠ 65 ಪಂದ್ಯ ಆಡಿರಲೇಬೇಕು. ಟಿಕೆಟ್ ಕೊಂಡು ಬಂದ ಪ್ರೇಕ್ಷಕನಿಗೆ ತಾರೆಯ ಆಟ ಕಾಣಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ 2024ರ ಜನವರಿಯಲ್ಲಿ ಆದದ್ದು ನೋಡಿ. ಎಂಬೀಡ್ ಆಗ ಪಂದ್ಯಕ್ಕೆ ಸುಮಾರು 35 ಅಂಕ ಹೊಡೆಯುತ್ತಿದ್ದರು; 22ರಂದು ಸ್ಯಾನ್ ಆಂಟೋನಿಯೊ ವಿರುದ್ಧ 70 ಅಂಕ. ಮೊಣಕಾಲು ಸರಿಯಿರಲಿಲ್ಲ, 27ರಂದು ಡೆನ್ವರ್‌ನಲ್ಲಿ ಕೊನೇ ಗಳಿಗೆಯಲ್ಲಿ ಹಿಂದೆ ಸರಿದರು. ಯೋಕಿಚ್‌ಗೆ ಹೆದರಿ ತಪ್ಪಿಸಿಕೊಂಡರು ಎಂಬ ಮೂದಲಿಕೆ ಶುರುವಾಯಿತು. 30ರಂದು ಗೋಲ್ಡನ್ ಸ್ಟೇಟ್ ವಿರುದ್ಧ ಕುಂಟುತ್ತಲೇ ಆಡಿದರು. ಕೆಳಗೆ ಬಿದ್ದಾಗ ಎದುರಾಳಿಯ ಭಾರ ಅದೇ ಕಾಲಿನ ಮೇಲೆ ಬಿತ್ತು. ಶಸ್ತ್ರಚಿಕಿತ್ಸೆ ಆಯಿತು, ಆ ಋತುವಿನಲ್ಲಿ ಒಟ್ಟು 39 ಪಂದ್ಯಕ್ಕೆ ಆಟ ನಿಂತಿತು. ಪೆಟ್ಟಾಗಿದ್ದು ನಿಯಮದಿಂದಲೇ ಎಂದು ಹೇಳಲಾಗದು. ಆದರೆ ನೋಯುವ ಕಾಲಿನವನು ವಿಶ್ರಾಂತಿ ತೆಗೆದುಕೊಳ್ಳುವ ಮೊದಲು ಪಂದ್ಯಗಳ ಲೆಕ್ಕ ಹಾಕಬೇಕಾದ ಸ್ಥಿತಿ ಸರಿಯಲ್ಲ. 50 ಪಂದ್ಯ ಆಡಿದವನ ಋತು 75 ಆಡಿದವನದಕ್ಕಿಂತ ಹಗುರ ಎಂದು ತೂಗಿ ನೋಡುವ ತಿಳಿವಳಿಕೆ ಮತದಾರರಿಗೆ ಮೊದಲಿನಿಂದಲೂ ಇತ್ತು.

ಹಾಗಾದರೆ ಮತವನ್ನು ಮತ್ತೆ ಆಟಗಾರರಿಗೇ ಕೊಡಬಾರದೇಕೆ? 1962ರ ತೀರ್ಪು ನೋಡಿದರೆ ಆಸೆಯಾಗುತ್ತದೆ. ಆದರೆ 2017ರಿಂದ ಆಲ್‌ಸ್ಟಾರ್ ಪಂದ್ಯದ ಮೊದಲ ಐವರ ಆಯ್ಕೆಯಲ್ಲಿ ಆಟಗಾರರ ಮತಕ್ಕೂ ಪಾಲು ಕೊಟ್ಟಾಗ, ಬೆಂಚಿನಿಂದ ಏಳದವರಿಗೂ ಗೆಳೆಯರ ಮತ ಬಿದ್ದವು. 1961-62ರಲ್ಲಿ ಲೀಗ್‌ನಲ್ಲಿದ್ದದ್ದು ಒಂಬತ್ತು ತಂಡ, ಎಲ್ಲರೂ ಎಲ್ಲರ ಎದುರು ಮತ್ತೆ ಮತ್ತೆ ಆಡುತ್ತಿದ್ದರು. ಮೂವತ್ತು ತಂಡಗಳ ಈಗಿನ ಲೀಗ್‌ನಲ್ಲಿ ಇನ್ನೊಂದು ವಿಭಾಗದ ಆಟಗಾರನನ್ನು ವರ್ಷಕ್ಕೆ ಎರಡೇ ಸಲ ಎದುರಿಸುವವನಿಗಿಂತ, ರಾತ್ರಿಯಿಡೀ ಪಂದ್ಯ ನೋಡುವ ಒಳ್ಳೆಯ ವರದಿಗಾರನಿಗೇ ಹೆಚ್ಚು ಗೊತ್ತಿರುತ್ತದೆ. ಮತ ಪತ್ರಕರ್ತರ ಬಳಿಯೇ ಇರಲಿ.

ಎನ್‌ಬಿಎ ಮಾಡಬೇಕಾದದ್ದು ಎರಡು ಕೆಲಸ. ಮುಂದಿನ ಒಪ್ಪಂದದಲ್ಲಿ ಈ ಪ್ರಶಸ್ತಿಗೂ ಸಂಬಳಕ್ಕೂ ಇರುವ ಗಂಟನ್ನು ಬಿಚ್ಚಬೇಕು. ಯಾರು ಯಾರಿಗೆ ಮತ ಹಾಕಿದರು ಎಂದು 2014ರಿಂದ ಪ್ರಕಟಿಸುತ್ತಿರುವಂತೆಯೇ, ಮೊದಲ ಹೆಸರನ್ನು ಯಾಕೆ ಬರೆದೆ ಎಂಬ ಕಾರಣವನ್ನೂ ಪ್ರತಿ ಮತದಾರನಿಂದ ಬರೆಸಿ ಪ್ರಕಟಿಸಬೇಕು. ನಾಲ್ಕು ಸಾಲು ಸಾಕು. ಹೋದ ವರ್ಷ ಬರೆದದ್ದು ಈ ವರ್ಷ ಕಣ್ಣೆದುರೇ ಇರುವಾಗ ಅಳತೆಗೋಲು ಬದಲಿಸುವುದು ಸುಲಭವಾಗುವುದಿಲ್ಲ.